ವೆನಿಲ್ಲಾ ಬಳ್ಳಿಗೆ ತಗಲಿದ ರೋಗ ಯಾವುದು?

ಆಟಿಯ ಮಳೆ ಹಿಡಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಬೆಳೆಗಾರರ ಕಣ್ಣು ಮರದ ತುದಿಯ ಗೊನೆಯ ಮೇಲೆ. ಕೊಳೆರೋಗದ ಭಯ! ತೋಟದ ನಡುವೆ ವೆನಿಲ್ಲಾ ಇದ್ದವರು ತಲೆ ತಗ್ಗಿಸಿ ಬಳ್ಳಿಯ ಬುಡವನ್ನೂ ನೋಡಬೇಕು.

2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಸಿಕ್ಕಿದಾಗ ಬಳ್ಳಿಯ ತುಂಡುಗಳು ತೋಟದಿಂದ ತೋಟಕ್ಕೆ ಓಡಾಡಿದವು. ಬೆಲೆ ಬೇಗನೆ ಕುಸಿಯಿತು. ಆದರೆ ತುಂಡಿನ ಜೊತೆ ರೋಗವೂ ಹೋಗಬಲ್ಲದು ಎಂಬ ಮಾತು ಇಂದಿಗೂ ನಿಜ. ತುಂಡಿನಿಂದ ಬೆಳೆದ ಬಳ್ಳಿಗಳೆಲ್ಲ ಒಂದೇ ಗುಣದವು. ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲಬಹುದು.

ಬಳ್ಳಿ ಹಳದಿಯಾದೊಡನೆ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮ ರೂಢಿ. ಆದರೆ ಎಲ್ಲ ರೋಗಕ್ಕೂ ಮದ್ದು ಒಂದೇ ಅಲ್ಲ. ಕೊಳೆತ ಎಲ್ಲಿಂದ ಶುರುವಾಯಿತು ಎಂಬುದೇ ಮೊದಲ ಗುರುತು.

ಮಣ್ಣಿಗಿಳಿದ ಬೇರು ಕಂದಾಗಿ ಸಾಯುತ್ತದೆ, ಮಣ್ಣಿನಲ್ಲಿ ತೇವವಿದ್ದರೂ ಬಳ್ಳಿ ಬಾಡಿ ಸುಕ್ಕುಗಟ್ಟುತ್ತದೆ, ಗೆಣ್ಣುಗಳಿಂದ ಹೊಸ ಬೇರು ಇಳಿಬಿಟ್ಟರೂ ಅದು ಮಣ್ಣು ಮುಟ್ಟಿದ ಮೇಲೆ ಕೊಳೆಯುತ್ತದೆ. ಇದು ಫ್ಯುಸೇರಿಯಂ ಶಿಲೀಂಧ್ರದ ಲಕ್ಷಣ. ಎಲೆಗೆ ಸಿಂಪಡಿಸಿದ ಮದ್ದು ಇದನ್ನು ಮುಟ್ಟುವುದಿಲ್ಲ. ನೀರು ಬಸಿದು ಹೋಗಬೇಕು, ಬೇರಿಗೆ ಗಾಯವಾಗಬಾರದು, ಬುಡಕ್ಕೆ ಟ್ರೈಕೋಡರ್ಮಾ ಬೆರೆಸಿದ ಕಾಂಪೋಸ್ಟ್ ಹಾಕಬೇಕು.

ಇನ್ನು ಕೋಡಿನ ಕೊಳೆತ. ಬೇಸಿಗೆಗೆ ಮುನ್ನ ಕೈಯಿಂದ ಪರಾಗಸ್ಪರ್ಶ ಮಾಡಿದ ಹೂವಿನ ಕೋಡು ಬಲಿಯಲು ಒಂಬತ್ತು ಹತ್ತು ತಿಂಗಳು ಬೇಕು. ಹೀಗಾಗಿ ಅದು ಇಡೀ ಮಳೆಗಾಲವನ್ನು ಬಳ್ಳಿಯಲ್ಲೇ ಕಳೆಯುತ್ತದೆ. ತುದಿಯಲ್ಲಿ ನೀರು ತುಂಬಿದಂತೆ ಕಾಣುವ ಕಡುಹಸಿರು ಕಲೆ ಮೂಡಿ, ತೊಟ್ಟಿನ ಕಡೆಗೆ ಹರಡಿ, ದುರ್ವಾಸನೆ ಬಂದರೆ ಫೈಟಾಪ್ಥೊರಾ ಎಂದು ಶಂಕಿಸಬೇಕು. ಅಡಿಕೆಯ ಕೊಳೆರೋಗವನ್ನು ತರುವುದೂ ಇದೇ ಕುಲ. ಇಲ್ಲಿ ಶೇಕಡಾ 1ರ ಬೋರ್ಡೋ ದ್ರಾವಣ ಉಪಯುಕ್ತ. ಆದರೆ ಅದು ಮಳೆಗೆ ಮುಂಚೆ ಬೀಳಬೇಕು. ಕೊಳೆತ ಕೋಡನ್ನು ಅದು ಮರಳಿ ಕೊಡದು.

ಕೊಳೆತ ಭಾಗದಲ್ಲಿ ಬಿಳಿ ನೂಲಿನ ದಪ್ಪ ಹೊದಿಕೆ, ಅದರ ಮೇಲೆ ಸಾಸಿವೆಯಂಥ ಕಂದು ಕಾಳುಗಳು ಕಂಡರೆ ಸ್ಕ್ಲೆರೋಶಿಯಂ. ಎಲೆ, ಕಾಂಡಗಳ ಮೇಲೆ ತಗ್ಗಾದ ಕಡುಕಂದು ಕಲೆಗಳಿದ್ದರೆ ಕೊಲೆಟೋಟ್ರೈಕಂ ಇರಬಹುದು. ಬಿಸಿಲಿಗೆ ಸುಟ್ಟ ಎಲೆಯೂ ಹೀಗೆಯೇ ಮೋಸ ಮಾಡುತ್ತದೆ. ಬಿಸಿಲು ಬೀಳುವ ಬದಿಯಲ್ಲಷ್ಟೇ ಕಲೆಯಿದ್ದರೆ ಮೊದಲು ನೆರಳು ಸರಿಪಡಿಸಿ.

ಒಂದು ಎಚ್ಚರ: ಕೊಳೆತದ ಮೇಲಿನ ಬೂಷ್ಟೆಲ್ಲ ರೋಗಕಾರಕವಲ್ಲ. ಸತ್ತ ಭಾಗವನ್ನೇ ತಿಂದು ಬದುಕುವ ಶಿಲೀಂಧ್ರಗಳೂ ಇವೆ. ಸಂಶಯವಿದ್ದರೆ ರೋಗ ಹರಡುತ್ತಿರುವ ಅಂಚಿನ ತುಂಡನ್ನು ಕಾಗದದಲ್ಲಿ ಸುತ್ತಿ ಕೃಷಿ ವಿಜ್ಞಾನಿಗಳಿಗೆ ತೋರಿಸುವುದು ಒಳ್ಳೆಯದು.

ರೋಗಪೀಡಿತ ಭಾಗವನ್ನು ಕತ್ತರಿಸಿ ತೋಟದಿಂದಾಚೆ ಸುಟ್ಟುಬಿಡಿ. ನೆರೆಯವರು ನಡಲು ಬಳ್ಳಿ ಕೇಳಿದರೆ ಮೊದಲು ಅದರ ಬುಡ ನೋಡಿ. ಸಂಶಯವಿದ್ದರೆ ಇಲ್ಲವೆನ್ನಿ. ಆ ಕ್ಷಣಕ್ಕೆ ಅವರಿಗೆ ಬೇಸರವಾದೀತು, ಆದರೆ ಅವರ ತೋಟ ಉಳಿದೀತು.