ಕ್ಷಯರೋಗದಿಂದ ಶ್ವಾಸನಾಳ ಕಿರಿದಾಗುವಿಕೆ ಮತ್ತು ಲೇಸರ್ ಚಿಕಿತ್ಸೆ

ಕ್ಷಯರೋಗವು ಶ್ವಾಸಕೋಶಕ್ಕೆ ಮಾತ್ರವಲ್ಲದೆ ಶ್ವಾಸನಾಳದ ಒಳಪದರಕ್ಕೂ ತಗುಲುತ್ತದೆ. ಅಲ್ಲಿ ಉಂಟಾದ ಹುಣ್ಣು ಮಾಯುವಾಗ ಗಟ್ಟಿಯಾದ ಕಲೆ ಬೆಳೆದು ನಾಳವು ಕಿರಿದಾಗುವುದುಂಟು. ಆರು ತಿಂಗಳ ಔಷಧಿಯು ರೋಗಾಣುಗಳನ್ನು ನಾಶಪಡಿಸುತ್ತದೆಯೇ ಹೊರತು ಈ ಕಲೆಯನ್ನು ಕರಗಿಸುವುದಿಲ್ಲ. ಆದುದರಿಂದಲೇ ರೋಗ ವಾಸಿಯಾದವರಲ್ಲಿಯೂ ಏದುಸಿರು ಉಳಿಯಬಹುದು. ಈ ತೊಂದರೆಯು ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಕಬ್ಬಿನ ಸೀಮೆ. ಇಲ್ಲಿ ಏದುಸಿರನ್ನು ಆಲೆಮನೆಯ ಹೊಗೆಗೋ, ಸೌದೆ ಒಲೆಗೋ, ಉಬ್ಬಸಕ್ಕೋ ಸೇರಿಸಿ ಸುಮ್ಮನಾಗುವುದು ಸುಲಭ. ಉಬ್ಬಸದ ಔಷಧಿ ಸೇದಿದರೂ ಶಮನವಾಗದ, ಎದೆಯ ಒಂದೇ ಭಾಗದಲ್ಲಿ ಕೇಳಿಬರುವ ಸುಯ್ ಶಬ್ದವನ್ನು ಕಡೆಗಣಿಸಬಾರದು. ಎಕ್ಸ್‌-ರೇ ಸರಿಯಾಗಿ ಕಂಡರೂ ನಾಳವು ಕಿರಿದಾಗಿರಬಹುದು. ಸಿ.ಟಿ. ಸ್ಕ್ಯಾನ್ ಹಾಗೂ ಬ್ರಾಂಕೋಸ್ಕೋಪಿಯಿಂದ ಇದು ಖಚಿತವಾಗುತ್ತದೆ.

ಲೇಸರ್ ಚಿಕಿತ್ಸೆಯಲ್ಲಿ ಅರಿವಳಿಕೆ ನೀಡಿ, ಬ್ರಾಂಕೋಸ್ಕೋಪ್ ಕೊಳವೆಯ ಮೂಲಕ ತೆಳುವಾದ ಎಳೆಯೊಂದನ್ನು ಒಳಕ್ಕೆ ಸಾಗಿಸಿ, ಅದರಿಂದ ಹೊಮ್ಮುವ ಪ್ರಖರ ಬೆಳಕಿನ ಶಾಖದಿಂದ ಕಲೆಯನ್ನು ಸೀಳಲಾಗುತ್ತದೆ. ಸಾಮಾನ್ಯವಾಗಿ ನಂತರ ಬಲೂನಿನಿಂದ ನಾಳವನ್ನು ಹಿಗ್ಗಿಸಲಾಗುತ್ತದೆ. ಶಾಖದಿಂದ ನಾಳದೊಳಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಆಗ ನೀಡುವ ಆಮ್ಲಜನಕವನ್ನು ಶೇ. 40ಕ್ಕಿಂತ ಕಡಿಮೆ ಇರಿಸಲಾಗುತ್ತದೆ. ರಕ್ತಸ್ರಾವ ಹಾಗೂ ನಾಳದ ಗೋಡೆಗೆ ರಂಧ್ರವಾಗುವ ಸಂಭವವೂ ಉಂಟು.

ಎಲ್ಲರಿಗೂ ಈ ಚಿಕಿತ್ಸೆ ಒಗ್ಗುವುದಿಲ್ಲ. ಜೇಡರ ಬಲೆಯಂತೆ ತೆಳುವಾದ, ಸುಮಾರು ಒಂದು ಸೆಂ.ಮೀ.ಗಿಂತ ಚಿಕ್ಕದಾದ ಕಲೆಗೆ ಇದು ಸೂಕ್ತ. ಉದ್ದನೆಯ ಕಲೆಗೆ ಅಥವಾ ನಾಳದ ಮೃದ್ವಸ್ಥಿಯೇ ಕುಸಿದಿದ್ದರೆ ಸ್ಟೆಂಟ್ ಇಲ್ಲವೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸೋಂಕು ಇನ್ನೂ ಸಕ್ರಿಯವಾಗಿರುವಾಗ ಸಾಮಾನ್ಯವಾಗಿ ಲೇಸರ್ ಬಳಸುವುದಿಲ್ಲ. ಔಷಧಿಯ ಅವಧಿ ಮುಗಿಯಬೇಕು. ಒಮ್ಮೆ ತೆರೆದ ನಾಳ ಮತ್ತೆ ಕಿರಿದಾಗುವುದೂ ಇರುವುದರಿಂದ ಕುಟುಂಬದವರು ಒಂದೇ ಬಾರಿಯ ಖರ್ಚನ್ನು ಲೆಕ್ಕ ಹಾಕುವುದು ಸಾಲದು, ಪುನಃ ತಪಾಸಣೆಗೆ ಬಂದುಹೋಗುವ ವೆಚ್ಚವನ್ನೂ ಗಮನದಲ್ಲಿಡುವುದು ಒಳಿತು.

ಕಫ ಪರೀಕ್ಷೆ ಮತ್ತು ಕ್ಷಯರೋಗದ ಔಷಧಿಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ನೀಡುವ ಸಹಾಯಧನವನ್ನು ನವೆಂಬರ್ 2024ರಿಂದ ತಿಂಗಳಿಗೆ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಔಷಧಿ ಮುಗಿಸಿದ ನಂತರವೂ ಏದುಸಿರು ಇರುವವರು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಂಡು, ಅವರ ಶಿಫಾರಸು ಪತ್ರದೊಂದಿಗೆ ಎದೆರೋಗ ತಜ್ಞರನ್ನು ಭೇಟಿ ಮಾಡತಕ್ಕದ್ದು. ಹಳೆಯ ಎಕ್ಸ್‌-ರೇ ಹಾಗೂ ಚಿಕಿತ್ಸಾ ಕಾರ್ಡನ್ನು ತಪ್ಪದೆ ಜೊತೆಗೆ ಒಯ್ಯಲು ಕೋರಲಾಗಿದೆ.