ಗಾಡಿಗೂ ಬೇಕು ಒಂದು ಹಾಸು

ಮಕ್ಕಳೇ, ಎತ್ತಿನ ಗಾಡಿಗೆ ಕುಂಬಳಕಾಯಿ ಹೇರುವ ಮುನ್ನ ತಳಕ್ಕೆ ಏನು ಹಾಸುತ್ತಿದ್ದರು ಎಂದು ನಿಮ್ಮ ತಾತನನ್ನು ಕೇಳಿ ನೋಡಿ. 'ಹುಲ್ಲು' ಎನ್ನುತ್ತಾರೆ. ರಾಗಿ, ಭತ್ತ ತುಂಬುವಾಗ ಗೋಣಿತಾಟು. ಗೊಬ್ಬರ ಸಾಗಿಸುವಾಗ ಬಿದಿರಿನ ತಟ್ಟಿ. ಮನೆಮಂದಿ ಜಾತ್ರೆಗೆ ಹೊರಟರೆ ಹುಲ್ಲಿನ ಮೇಲೊಂದು ಜಮಖಾನ. ಸರಕು ಬದಲಾದಂತೆ ಹಾಸೂ ಬದಲಾಗುತ್ತಿತ್ತು.

ಈಗ ಆ ಕೆಲಸವನ್ನು ಪಿಕಪ್ ಗಾಡಿಗಳು ಮಾಡುತ್ತಿವೆ. 2005ರಲ್ಲಿ ಬಂದ ಟಾಟಾ ಏಸ್ ಗಾಡಿಗೆ ಜನ 'ಛೋಟಾ ಹಾಥಿ' ಎಂದೇ ಹೆಸರಿಟ್ಟರು. ಕೋಲಾರದ ಟೊಮೆಟೊ ಮಂಡಿಗೆ ಹೋದರೆ ಕ್ರೇಟು ಹೊತ್ತ ಪಿಕಪ್‌ಗಳ ಸಾಲೇ ಕಾಣುತ್ತದೆ. ಇವುಗಳಲ್ಲಿ ಎಷ್ಟೋ ಗಾಡಿಗಳು ಸಾಲ ಮಾಡಿ ಕೊಂಡವು. ಕಂತು ತೀರುವ ಮೊದಲೇ ಬಾಡಿಯ ತಳ ತುಕ್ಕು ಹಿಡಿದು ತೂತಾದರೆ ಆ ಮನೆಯ ಗತಿಯೇನು? ಅದಕ್ಕೇ ಹೊಸ ಗಾಡಿ ಬಂದ ಕೂಡಲೇ ತಳಕ್ಕೆ ಏನು ಹಾಸಬೇಕೆಂಬ ಚರ್ಚೆ ಶುರುವಾಗುತ್ತದೆ.

ತುಕ್ಕು ಬರುವುದು ಹೇಗೆ?

ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ತುಕ್ಕು. ಬಣ್ಣ ಇರುವ ತನಕ ಇವೆರಡೂ ತಗಡನ್ನು ಮುಟ್ಟಲಾರವು. ಕ್ರೇಟು ಎಳೆದಾಗ, ಸಲಿಕೆ ತಾಗಿದಾಗ ಬಣ್ಣದ ಮೇಲೆ ಗೀರು ಬೀಳುತ್ತದೆ. ಆ ಗೀರೇ ತುಕ್ಕಿಗೆ ಬಾಗಿಲು. ಉಪ್ಪು ಸೇರಿದರಂತೂ ಕೆಲಸ ಇನ್ನೂ ಬೇಗ. ಮೀನಿನ ನೀರು, ದನದ ಗಂಜಲ, ರಸಗೊಬ್ಬರ ಇವೆಲ್ಲದರಲ್ಲೂ ಲವಣಗಳಿವೆ.

ಇದನ್ನು ಮನೆಯಲ್ಲೇ ನೋಡಬಹುದು. ಮೂರು ಹೊಸ ಕಬ್ಬಿಣದ ಮೊಳೆ ತನ್ನಿ. ಒಂದನ್ನು ಒಣ ಹತ್ತಿಯ ಮೇಲಿಡಿ, ಒಂದನ್ನು ನೀರಲ್ಲಿ ನೆನೆಸಿದ ಹತ್ತಿಯ ಮೇಲೆ, ಇನ್ನೊಂದನ್ನು ಉಪ್ಪುನೀರಲ್ಲಿ ನೆನೆಸಿದ ಹತ್ತಿಯ ಮೇಲೆ. ಕೆಲವು ದಿನ ಬಿಟ್ಟು ಅಜ್ಜಿಯ ಜೊತೆ ಕೂತು ಮೂರನ್ನೂ ಹೋಲಿಸಿ.

ಯಾವ ಹಾಸು, ಯಾರಿಗೆ?

ಜಲ್ಲಿ, ಇಟ್ಟಿಗೆ, ಕಲ್ಲು ಹೊರುವ ಗಾಡಿಗೆ ಉಬ್ಬುಗೆರೆಗಳಿರುವ ಕಬ್ಬಿಣದ ಚೆಕ್ಕರ್ ಪ್ಲೇಟ್ ಒಳ್ಳೆಯದು. ಏಟು ತಡೆಯುತ್ತದೆ, ಸಲಿಕೆಗೆ ಜಗ್ಗುವುದಿಲ್ಲ. ಆದರೆ ಭಾರ ಹೆಚ್ಚು. ಲೆಕ್ಕ ಹಾಕೋಣ. ಎಂಟು ಅಡಿ ಉದ್ದ, ಐದು ಅಡಿ ಅಗಲದ ತಳ ಎಂದರೆ 40 ಚದರ ಅಡಿ. 3 ಮಿಲಿಮೀಟರ್ ದಪ್ಪದ ಕಬ್ಬಿಣದ ಹಾಳೆ ಹಾಕಿದರೆ ಸುಮಾರು 90 ಕಿಲೋ ಆಗುತ್ತದೆ. ಟೊಮೆಟೊ ಕ್ರೇಟು 15 ಕಿಲೋ ಎಂದಿಟ್ಟುಕೊಳ್ಳಿ. ಆರು ಕ್ರೇಟಿನ ಭಾರವನ್ನು ಗಾಡಿ ಪ್ರತಿ ಸಲ ಸುಮ್ಮನೆ ಹೊತ್ತು ತಿರುಗಿದ ಹಾಗಾಯಿತು! ಗಾಡಿಗೆ ಅನುಮತಿಯಿರುವ ಒಟ್ಟು ಭಾರದೊಳಗೆ ಹಾಸಿನ ಭಾರವೂ ಸೇರುತ್ತದೆ ಎಂಬುದು ನೆನಪಿರಲಿ.

ಅಲ್ಯೂಮಿನಿಯಂ ಹಾಳೆಯ ಭಾರ ಇದರ ಮೂರನೇ ಒಂದು ಭಾಗ, ಬೆಲೆ ಮಾತ್ರ ಜಾಸ್ತಿ. ಅದು ಒದ್ದೆಯಲ್ಲಿ ಕಬ್ಬಿಣಕ್ಕೆ ನೇರವಾಗಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಮ್ಮೇ ಸವೆಯತೊಡಗುತ್ತದೆ. ಆದ್ದರಿಂದ ನಡುವೆ ಬಣ್ಣವೋ ರಬ್ಬರೋ ಇರಬೇಕು.

ಹಸು, ಕುರಿ, ಹಾಲಿನ ಕ್ಯಾನು, ತರಕಾರಿ ಸಾಗಿಸುವವರಿಗೆ ದಪ್ಪ ರಬ್ಬರ್ ಮ್ಯಾಟು ಅನುಕೂಲ. ದನದ ಗೊರಸು ಜಾರುವುದಿಲ್ಲ, ಕ್ಯಾನು ಅತ್ತಿತ್ತ ಓಡಾಡುವುದಿಲ್ಲ, ಸದ್ದೂ ಕಡಿಮೆ. ಬೇಕೆಂದಾಗ ಸುತ್ತಿ ಹೊರಗೆ ತೆಗೆದು ತೊಳೆಯಬಹುದು.

ಪ್ಲೈವುಡ್ ಅಗ್ಗ. ಆದರೆ ಮಳೆಗಾಲದಲ್ಲಿ ನೀರು ಹೀರಿಕೊಂಡು ತಗಡನ್ನು ಸದಾ ಒದ್ದೆಯಾಗಿಡುತ್ತದೆ. ಅದನ್ನು ಕೂರಿಸಲು ಕೊರೆದ ಸ್ಕ್ರೂ ತೂತಿನಿಂದಲೇ ತುಕ್ಕು ಹತ್ತುವುದುಂಟು.

ಬಾಡಿಯ ಅಚ್ಚಿನಲ್ಲೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ತೊಟ್ಟಿಯನ್ನು ಒಳಗೆ ಕೂರಿಸುವುದು ಇನ್ನೊಂದು ದಾರಿ. ಹಗುರ, ತೊಳೆಯಲು ಸುಲಭ. ಅದರಡಿ ಮರಳು, ನೀರು ಸೇರಿಕೊಂಡರೆ ಮಾತ್ರ ಕಣ್ಣಿಗೆ ಬೀಳದಂತೆ ಬಣ್ಣ ತೇಯ್ದು ತುಕ್ಕು ಬೆಳೆಯುತ್ತದೆ.

ಪಾಲಿಯೂರಿಥೇನ್ ಸಿಂಪಡಿಸುವ ವಿಧಾನದಲ್ಲಿ ಈ ತೊಂದರೆಯಿಲ್ಲ. ತಗಡನ್ನು ಉಜ್ಜಿ, ಸ್ವಚ್ಛ ಮಾಡಿ ಮೇಲೆ ಸಿಂಪಡಿಸಿದರೆ ಅದು ಅಂಟಿಕೊಂಡೇ ಗಟ್ಟಿಯಾಗುತ್ತದೆ. ನಡುವೆ ನೀರು ನಿಲ್ಲಲು ಜಾಗವೇ ಇಲ್ಲ. ಖರ್ಚು ಹೆಚ್ಚು, ಆಮೇಲೆ ಕಿತ್ತು ತೆಗೆಯುವುದೂ ಕಷ್ಟ. ಸಿಂಪಡಿಸುವಾಗ ಏಳುವ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳು ಆ ಶೆಡ್ಡಿನ ಹತ್ತಿರ ಸುಳಿಯಬಾರದು.

ಎರಡು ಎಚ್ಚರಿಕೆ

ತಲೆಗೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರಿನ ಬಳಿ ಹಿಡಿದರೆ ಚೂರು ನೆಗೆದು ಅಂಟಿಕೊಳ್ಳುತ್ತದಲ್ಲವೇ? ಅದು ಸ್ಥಾಯಿ ವಿದ್ಯುತ್ತು. ಪ್ಲಾಸ್ಟಿಕ್ ಹಾಸಿನ ಮೇಲೆ ಕ್ಯಾನಿಟ್ಟು ಪೆಟ್ರೋಲ್ ತುಂಬಿಸಿದರೆ ಹರಿಯುವ ಪೆಟ್ರೋಲಿನಿಂದಲೂ ಇಂಥದೇ ವಿದ್ಯುತ್ತು ಕೂಡುತ್ತದೆ. ಪ್ಲಾಸ್ಟಿಕ್ ಅಡ್ಡವಿರುವುದರಿಂದ ಅದು ನೆಲಕ್ಕೆ ಇಳಿಯಲಾರದು. ಒಂದು ಕಿಡಿ ಹಾರಿದರೆ ಸಾಕು, ಬೆಂಕಿ! ಅಮೆರಿಕದಲ್ಲಿ ಹೀಗೆ ಅವಘಡಗಳಾಗಿ, 1998ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ಎಚ್ಚರಿಕೆ ಹೊರಡಿಸಿತು. ಕಳೆ ಕೊಚ್ಚುವ ಯಂತ್ರಕ್ಕೆಂದು ಪೆಟ್ರೋಲ್ ತರುವವರು ಇಂಧನಕ್ಕೆಂದೇ ಮಾಡಿದ ಕ್ಯಾನನ್ನು ಗಾಡಿಯಿಂದ ಇಳಿಸಿ, ನೆಲದ ಮೇಲಿಟ್ಟೇ ತುಂಬಿಸಬೇಕು.

ಎರಡನೆಯದು ವಿಷದ ಮಾತು. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಊಟ ಮಾಡಿ ಸತ್ತರು. ಹಡಗಿನಲ್ಲಿ ಗೋಧಿಹಿಟ್ಟಿನ ಜೊತೆಗೇ ತಂದ ಪ್ಯಾರಥಿಯಾನ್ ಎಂಬ ಕೀಟನಾಶಕ ಸೋರಿ ಹಿಟ್ಟಿಗೆ ಸೇರಿತ್ತು. ಆ ದುರಂತದ ನಂತರ ನಡೆದ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಮರದ ಹಲಗೆ, ಗೋಣಿತಾಟು ಚೆಲ್ಲಿದ್ದನ್ನು ಹೀರಿಕೊಳ್ಳುತ್ತವೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಔಷಧಿ ಡಬ್ಬಗಳನ್ನು ಅಕ್ಕಿ, ತರಕಾರಿಯೊಂದಿಗೆ ಎಂದೂ ಹೇರಬಾರದು. ವಿಷ ಚೆಲ್ಲಿದ ಹಾಸಿನ ಮೇಲೆ ತಿನ್ನುವ ಪದಾರ್ಥ ಇಡಲೇಬಾರದು. ಯಾವ ಹಾಸೂ ಈ ಎಚ್ಚರಕ್ಕೆ ಬದಲಿಯಲ್ಲ.

ಹಾಸಿದ ಮೇಲೆ

ಹಾಸುವ ಮೊದಲು ಗೀರುಗಳನ್ನು ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿದು ಚೆನ್ನಾಗಿ ಒಣಗಿಸಬೇಕು. ತಳದಲ್ಲಿ ನೀರು ಇಳಿಯಲು ಬಿಟ್ಟಿರುವ ತೂತುಗಳನ್ನು ಮುಚ್ಚಬಾರದು. ತೆಗೆಯಲು ಬರುವ ಹಾಸಾದರೆ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ತೊಳೆದು ಬಿಸಿಲಿಗೆ ಹಾಕಬೇಕು. ಗೊಬ್ಬರ ಅಥವಾ ಮೀನು ಸಾಗಿಸಿದ ದಿನ ಮಾತ್ರ ನಾಳೆಗೆಂದು ಬಿಡದೆ ಅಂದೇ ತೊಳೆಯಬೇಕು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಪಿಕಪ್ ಇದ್ದರೆ ಈ ಭಾನುವಾರ ಅದರ ಹಾಸನ್ನು ದೊಡ್ಡವರ ಕೈಯಲ್ಲಿ ಎತ್ತಿಸಿ ನೋಡಿ. ಕೆಳಗೆ ಕೆಂಪು ಪುಡಿ ಕಂಡರೆ ಸುಮ್ಮನಿರಬೇಡಿ, ಗಾಡಿ ಓಡಿಸುವವರಿಗೆ ತಿಳಿಸಿ. ನಾಣ್ಯದಷ್ಟಗಲದ ತುಕ್ಕಾದರೆ ಉಜ್ಜುಕಾಗದ ಮತ್ತು ಒಂದು ಡಬ್ಬ ಬಣ್ಣದಲ್ಲಿ ಕೆಲಸ ಮುಗಿಯುತ್ತದೆ. ಬಿಟ್ಟರೆ ಮುಂದೊಂದು ದಿನ ತಳದ ತಗಡನ್ನೇ ಬದಲಿಸಬೇಕಾದೀತು.