ಬಟ್ಟಲು ಮೂಸಿ ಮುಖ ತಿರುಗಿಸೋ ಮರಿ

ಮೊನ್ನೆವರೆಗೂ ಬಟ್ಟಲು ನೆಕ್ಕಿ ಹೊಳಪು ಮಾಡ್ತಿದ್ದ ನಾಯಿಮರಿ ಈಗ ಊಟ ಮೂಸಿ ಎದ್ದು ಹೋಗ್ತಿದೆಯಾ? ವಯಸ್ಸು ನೋಡಿ. 6 ತಿಂಗಳು ದಾಟಿದ ಮೇಲೆ ಬೆಳವಣಿಗೆಯ ವೇಗ ತಗ್ಗುತ್ತೆ, ತೂಕಕ್ಕೆ ತಕ್ಕಂತೆ ಬೇಕಾಗೋ ಆಹಾರವೂ ಇಳಿಯುತ್ತೆ. ಮುಧೋಳ ತಳಿಯಾದ್ರೆ ಮೈಕಟ್ಟೇ ತೆಳ್ಳಗೆ. ಪಕ್ಕೆಲುಬು ಕಂಡಿತು ಅಂತ ತುರುಕಬೇಡಿ.

ಆದ್ರೆ ಬಹಳಷ್ಟು ಸಲ ಈ ಚಾಳಿ ಕಲಿಸಿದ್ದು ನಾವೇ. ಡಾಗ್ ಫುಡ್ ಬಿಟ್ಟಿತು ಅಂತ ಚಿಕನ್ ಬೆರೆಸ್ತೀವಿ. ಅದೂ ಬೇಡವಾದ್ರೆ ಮೊಟ್ಟೆ. ಕಾದರೆ ಇನ್ನೂ ರುಚಿಯಾದದ್ದು ಬರುತ್ತೆ ಅಂತ ಅದಕ್ಕೆ ಗೊತ್ತಾಗುತ್ತೆ. ಜಾಣ ಪ್ರಾಣಿ! ಜೊತೆಗೆ ಅಜ್ಜಿಯ ಚಹಾ ಬಿಸ್ಕತ್ತು, ಮಕ್ಕಳ ಚಿಪ್ಸ್. ತಿಂಡಿಯ ಪಾಲು ದಿನದ ಕ್ಯಾಲೊರಿಯಲ್ಲಿ 10% ಮೀರಬಾರದು.

ದಿನಕ್ಕೆ ಎರಡೇ ಹೊತ್ತು, ಒಂದೇ ಸಮಯಕ್ಕೆ ಊಟ ಇಡಿ. 15-20 ನಿಮಿಷದಲ್ಲಿ ತಿನ್ನಲಿಲ್ವಾ? ಸುಮ್ಮನೆ ಎತ್ತಿಡಿ. ಬೈಗುಳ, ಮುದ್ದು ಎರಡೂ ಬೇಡ. ಒಣ ಆಹಾರಕ್ಕೆ ಸ್ವಲ್ಪ ಬೆಚ್ಚಗಿನ ನೀರು ಹಾಕಿದ್ರೆ ವಾಸನೆ ಏಳುತ್ತೆ. ನಾಯಿಗೆ ರುಚಿಗಿಂತ ಮೂಗೇ ಮುಂದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡವೇ ಬೇಡ, ಅವು ಕೆಂಪು ರಕ್ತಕಣಗಳನ್ನ ಹಾಳುಮಾಡುತ್ತವೆ. ಆಹಾರ ಬದಲಿಸೋದಾದ್ರೆ ಒಂದು ವಾರ ನಿಧಾನಕ್ಕೆ ಬೆರೆಸ್ತಾ ಹೋಗಿ.

ಇದೆಲ್ಲಾ ಆಟವಾಡ್ತಾ ಚುರುಕಾಗಿರೋ ನಾಯಿಗೆ. ಮಂಕು, ವಾಂತಿ, ಭೇದಿ, ಜ್ವರ ಇದ್ರೆ ಹಟ ಅಂದ್ಕೋಬೇಡಿ. ಉಣ್ಣೆ ಜ್ವರವೂ ಹಸಿವು ಕೆಡಿಸುತ್ತೆ. 24 ಗಂಟೆ ಏನೂ ತಿನ್ನದಿದ್ರೆ ಪಶುವೈದ್ಯರಿಗೆ ತೋರಿಸಿ. ಪುಟ್ಟ ಮರಿಯಾದ್ರೆ ಅಷ್ಟು ಹೊತ್ತೂ ಕಾಯಬೇಡಿ.